ಕರೆದರೆ ಬರುವ ನಾಯಿ

ನಮ್ಮ ಕರಿಯ ಸತ್ತಿದ್ದು ಮನೆ ಮುಂದಿನ ರಸ್ತೆಯಲ್ಲೇ. ಹಾಲಿನ ಗಾಡಿ ತಿರುವಿನಲ್ಲಿ ಬರುತ್ತಿತ್ತು. ‘ಬಾರೋ ಕರಿಯ’ ಅಂತ ಕೂಗಿದೆ. ನನ್ನನ್ನೇ ನೋಡಿದ, ಬಾಲ ಮುದುರಿದ, ಬರಲಿಲ್ಲ.

ಯಾಕೆ ಬರಲಿಲ್ಲ ಅನ್ನೋದು ಆಮೇಲೆ ಹೊಳೆಯಿತು. ಹಿಂದಿನ ದಿನ ಅವನು ಪಕ್ಕದ ಮನೆ ಕೋಳಿ ಅಟ್ಟಿಸಿಕೊಂಡು ಹೋಗಿದ್ದ. ಅಪ್ಪ ಅವನನ್ನು ಕರೆದು, ಹತ್ತಿರ ಬಂದಾಗ ಕೋಲಿನಿಂದ ಬಾರಿಸಿದ್ದ. ಕೋಳಿ ಅಟ್ಟಿದ್ದಕ್ಕೆ ಏಟು ಅನ್ನೋದು ಅಪ್ಪನ ಲೆಕ್ಕ. ಕರೆದಾಗ ಬಂದಿದ್ದಕ್ಕೆ ಏಟು ಅನ್ನೋದು ಕರಿಯನ ಲೆಕ್ಕ.

ಆರು ತಿಂಗಳ ನಂತರ ಕೆಂಚ ಬಂದ. ‘ದಂಡಂ ದಶಗುಣಂ’ ಅಂತ ಅಪ್ಪ ಮತ್ತೆ ಕೋಲು ಹುಡುಕಿದಾಗ, ‘ಅಪ್ಪಾ, ಈ ಸಲ ನಂಗೆ ಬಿಡು’ ಅಂದೆ.

ಬೇಯಿಸಿದ ಮೊಟ್ಟೆಯನ್ನು ಕಡಲೆಕಾಳಿನಷ್ಟು ಚೂರು ಮಾಡಿಕೊಂಡೆ. ಊಟಕ್ಕೆ ಮುಂಚೆ, ಹಸಿವಿದ್ದಾಗ, ದಿನಕ್ಕೆರಡು ಸಲ ಐದೈದು ನಿಮಿಷ ಪಾಠ. ಚೂರನ್ನು ಮೂಗಿನ ಹತ್ತಿರ ಹಿಡಿದು, ನಿಧಾನಕ್ಕೆ ತಲೆಯ ಮೇಲಿಂದ ಹಿಂದಕ್ಕೆ ಸರಿಸಿದರೆ ಮೂತಿ ಮೇಲೇಳುತ್ತದೆ, ಹಿಂಭಾಗ ತಾನಾಗಿ ನೆಲಕ್ಕೆ ತಾಗುತ್ತದೆ. ತಾಗಿದ ಕ್ಷಣವೇ ‘ಶಭಾಷ್’ ಅಂದು ಚೂರು ಕೊಡಬೇಕು. ತಡವಾದರೆ ಯಾವುದಕ್ಕೆ ಸಿಕ್ಕಿತು ಅಂತ ಅದಕ್ಕೆ ತಿಳಿಯುವುದಿಲ್ಲ. ನಾಲ್ಕೈದು ದಿನಕ್ಕೆ ‘ಕೂರು’ ಬಂತು.

ಆಮೇಲೆ ‘ಬಾ’. ಮೊದಲು ಅಂಗಳದಲ್ಲಿ ಎರಡು ಹೆಜ್ಜೆ ದೂರದಿಂದ, ಆಮೇಲೆ ಹಿತ್ತಲಿನಿಂದ, ಕೊನೆಗೆ ಉದ್ದ ಹಗ್ಗ ಕಟ್ಟಿಕೊಂಡು ಹೊಲದ ಬದುವಿನಲ್ಲಿ. ಬಂದಾಗೆಲ್ಲ ಚೂರು, ಕತ್ತು ಸವರೋದು. ಮನೆಯವರಿಗೆಲ್ಲ ಒಂದೇ ಕಟ್ಟಳೆ: ಏನೇ ತಪ್ಪು ಮಾಡಿರಲಿ, ಕರೆದಾಗ ಬಂದ ನಾಯಿಗೆ ಬೈಯಬಾರದು, ಹೊಡೆಯಬಾರದು. ಕಲಿತ ಮೇಲೆ ಪ್ರತಿ ಸಲ ಮೊಟ್ಟೆ ಬೇಕಿಲ್ಲ, ಆಗಾಗ ಕೊಟ್ಟರೆ ಸಾಕು. ನೀವು ಬೇಕಾದರೆ ರೊಟ್ಟಿ ಚೂರು ಕೊಡಿ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಮಾತ್ರ ಬೇಡ, ನಾಯಿಗೆ ಅವು ವಿಷ.

‘ತಿಂಡಿ ಆಸೆಗೆ ಬರ್ತದೆ ಅಷ್ಟೇ’ ಅಂತ ಅಪ್ಪ ನಗುತ್ತಿದ್ದ. ಬರಲಿ ಬಿಡು, ಬಂದರೆ ಸಾಕಲ್ಲ ಅಂತಿದ್ದೆ.

ಹೋದ ವಾರ ಸಂಜೆ ಕೆಂಚ ಬೆಕ್ಕಿನ ಹಿಂದೆ ರಸ್ತೆಗೆ ಹಾರಿದ. ಅದೇ ತಿರುವಿನಲ್ಲಿ ಹಾಲಿನ ಗಾಡಿ. ನನಗೆ ಗಂಟಲೇ ಕಟ್ಟಿತು. ಜಗಲಿಯಿಂದ ಅಪ್ಪನೇ ‘ಕೆಂಚಾ, ಬಾ’ ಅಂದ. ಕೆಂಚ ಗಕ್ಕನೆ ತಿರುಗಿ, ಓಡಿಬಂದು ಅಪ್ಪನ ಕಾಲ ಹತ್ತಿರ ಕೂತ.

ಕೊಡೋಕೆ ಅಪ್ಪನ ಕೈಲಿ ಏನೂ ಇರಲಿಲ್ಲ. ಕೆಂಚನ ಕತ್ತು ಸವರುತ್ತಾ ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ, ‘ಕರಿಯಂಗೂ ಹಿಂಗೇ ಕಲಿಸಬೇಕಿತ್ತು ಕಣವ್ವ’ ಅಂದ.