ಸಿಂಹಳವೋ, ಸಿಂಗಪುರವೋ?

ಹೆಸರಿನಲ್ಲಿ ಸಿಂಹವನ್ನು ಹೊತ್ತ ನಾಡುಗಳು ನಮ್ಮ ಪೂರ್ವ ದಕ್ಷಿಣಗಳ ಕಡಲಿನಲ್ಲಿ ಎರಡುಂಟು. ಒಂದು ಸಿಂಹಳ, ಇನ್ನೊಂದು, ಸಂಸ್ಕೃತದ ಸಿಂಹಪುರವು ಮಲಯರ ನಾಲಗೆಯಲ್ಲಿ ಮಿದುವಾಗಿ ನಿಂತ ಸಿಂಗಪುರ. ಇವೆರಡರ ಕಾಡುಗಳಲ್ಲಿಯೂ ಸಿಂಹವಿಲ್ಲವೆಂಬುದು ಬೇರೆ ಮಾತು. ನಮ್ಮ ಕಡೆಯ ಮಧ್ಯಮ ತರಗತಿಯ ಸಂಸಾರವೊಂದು ಮೊದಲ ಬಾರಿಗೆ ಕಡಲಾಚೆಯ ವಿಹಾರಕ್ಕೆ ಮನಸ್ಸು ಮಾಡಿತೆಂದರೆ ಅನೇಕ ವೇಳೆ ಈ ಎರಡು ಸಿಂಹಗಳ ನಡುವೆಯೇ ಉಯ್ಯಾಲೆಯಾಡುತ್ತದೆ.

2024ರ ಬೇಸಗೆ ರಜೆಗೆ ಮುನ್ನ ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು. ಉಪನ್ಯಾಸಕನ ಸಂಬಳದಲ್ಲಿ ಆರು ವರ್ಷ ಕೂಡಿಟ್ಟ ಗಂಟು ಒಂದು ಪ್ರವಾಸಕ್ಕೆ ಮಾತ್ರ ಸಾಲುವಂತಿತ್ತು. ಹನ್ನೊಂದು ವರ್ಷದ ಮಗಳ ಮತ ಸಿಂಗಪುರಕ್ಕೆ. ನನ್ನ ಮನೆಯಾಕೆಯದೂ ಅದೇ. “ಎರಡು ವರ್ಷದ ಕೆಳಗೆ ಲಂಕೆಯಲ್ಲಿ ಪೆಟ್ರೋಲಿಗಾಗಿ ಜನ ದಿನಗಟ್ಟಲೆ ಸಾಲು ನಿಂತಿದ್ದರಲ್ಲ, ಅತ್ತೆಯವರನ್ನು ಕರೆದುಕೊಂಡು ಅಲ್ಲಿಗೆ ಹೋಗುವುದುಂಟೆ?” ಎಂಬುದು ಆಕೆಯ ಪ್ರಶ್ನೆ. 2022ರ ಆ ಮುಗ್ಗಟ್ಟು ಅಷ್ಟರಲ್ಲಿ ಬಹಳಮಟ್ಟಿಗೆ ಸಡಿಲಿತ್ತು. ಆದರೂ ಅಂಜಿಕೆ ಅಕಾರಣವಾದುದೆಂದು ಹೇಳಲಾರೆ.

ಲಂಕೆಯ ಪರವಾಗಿದ್ದವರು ಎಪ್ಪತ್ತೊಂದು ವರ್ಷದ ನನ್ನ ತಾಯಿ ಒಬ್ಬರೇ. ಹಿಂದೊಮ್ಮೆ ತಂದೆಯವರೊಡನೆ ರಾಮೇಶ್ವರ ಯಾತ್ರೆಗೆ ಹೋಗಿದ್ದಾಗ ಇಬ್ಬರೂ ಧನುಷ್ಕೋಟಿಯ ಮರಳಿನ ತುದಿಯವರೆಗೆ ನಡೆದಿದ್ದರಂತೆ. “ಅದೋ, ಆಚೆಗೆ ಲಂಕೆ” ಎಂದು ತಂದೆಯವರು ಬೆರಳು ತೋರಿದರಂತೆ. ನೀರಿನ ಹೊರತು ಏನೂ ಕಾಣಲಿಲ್ಲವಂತೆ. ಅಲ್ಲಿಂದ ತಲೈಮನ್ನಾರಿಗೆ ಸುಮಾರು 30 ಕಿಲೋಮೀಟರು ಅಷ್ಟೆ. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಟಿಯನ್ನು ನುಂಗುವವರೆಗೆ ರೈಲಿನಿಂದಿಳಿದವರು ಹಡಗು ಹತ್ತಿ ಅತ್ತ ಹೋಗುತ್ತಿದ್ದರು. ತಂದೆಯವರು ಈಗಿಲ್ಲ. “ಅವತ್ತು ಕಾಣದೇ ಬಂದದ್ದನ್ನ ಒಂದು ಸಲ ಕಂಡು ಬರೋಣ ಕಣಪ್ಪ” ಎಂದಷ್ಟೇ ಅಮ್ಮ ಹೇಳಿ ಸುಮ್ಮನಾದರು.

ಸಿಂಗಪುರವನ್ನು ಹಗುರವಾಗಿ ಕಾಣುವವನು ನಾನಲ್ಲ. ವಿಚಾರಗೋಷ್ಠಿಯೊಂದರ ನೆಪದಲ್ಲಿ ನಾನೊಬ್ಬನೇ ಅಲ್ಲಿ ನಾಲ್ಕು ದಿನ ಇದ್ದು ಬಂದವನು. 1965ರಲ್ಲಿ ಮಲೇಷ್ಯದಿಂದ ಬೇರ್ಪಟ್ಟಾಗ ಸುಮಾರು 580 ಚದರ ಕಿಲೋಮೀಟರಿದ್ದ ದ್ವೀಪ, ಸಮುದ್ರವನ್ನು ತುಂಬಿ ತುಂಬಿ ಈಗ 730ರಷ್ಟಾಗಿದೆ. ಎಂದರೆ ಹೆಚ್ಚುಕಡಮೆ ನಮ್ಮ ಬೆಂಗಳೂರು ನಗರದಷ್ಟು. ರಾಜ್ಯಭಾಷೆಗಳು ನಾಲ್ಕು; ಅವುಗಳಲ್ಲಿ ತಮಿಳೂ ಒಂದು. ಚೀಣೀಯರ ಪೇಟೆಯ ನಡುವೆ 1827ರ ಮಾರಿಯಮ್ಮನ ಗುಡಿ ನೆಮ್ಮದಿಯಾಗಿ ನಿಂತಿದೆ. ಸುರಂಗದ ರೈಲು, ತೊಳೆದಿಟ್ಟಂತಹ ರಸ್ತೆಗಳು, ಎಲ್ಲಿ ನೋಡಿದರೂ ಲಿಫ್ಟು. ಆ ಊರು ಯಾತ್ರಿಕನಿಗೆ ಯಾವ ತೊಂದರೆಯನ್ನೂ ಕೊಡುವುದಿಲ್ಲ. ನಾಲ್ಕನೆಯ ದಿನ, ಒಂದು ಸಣ್ಣ ತೊಂದರೆಯಾದರೂ ಬರಬಾರದೇ ಎಂದು ನನಗೆ ಅನ್ನಿಸಿತೆಂಬುದನ್ನೂ ಮುಚ್ಚಿಡಲಾರೆ.

ವಿಚಿತ್ರವೆಂದರೆ, ತಕ್ಕಡಿಯನ್ನು ಲಂಕೆಯತ್ತ ವಾಲಿಸಿದುದು ಸಿಂಗಪುರದ ಈ ಅನುಕೂಲವೇ. ಎಂಬತ್ತನೆಯ ವಯಸ್ಸಿನಲ್ಲಿ ಗಾಲಿಕುರ್ಚಿಯಲ್ಲಿ ಕುಳಿತು ಸಿಂಗಪುರವನ್ನು ಸೊಗಸಾಗಿ ನೋಡಬಹುದು. ಸಿಗಿರಿಯಕ್ಕೆ ಇರುವುದು ಸುಮಾರು 1,200 ಮೆಟ್ಟಿಲು. ಮೊಣಕಾಲುಗಳು ಮಾತು ಕೇಳುವಾಗ ಮೆಟ್ಟಿಲಿನ ನಾಡು, ಆಮೇಲೆ ಲಿಫ್ಟಿನ ನಾಡು ಎಂದು ನಾನು ವಾದಿಸಿದೆ. ಲೆಕ್ಕದಲ್ಲಿ ನನಗಿಂತ ಗಟ್ಟಿಗಳಾದ ನಮ್ಮಾಕೆ, ಒಂದೂವರೆ ಗಂಟೆಯ ವಿಮಾನವೆಂಬುದನ್ನು ಗಣಿಸಿ ಒಪ್ಪಿದಳು. ಮಗಳು ಒಪ್ಪಲಿಲ್ಲ, ಮುನಿಸಿಕೊಂಡೇ ವಿಮಾನ ಹತ್ತಿದಳು.

ಲಂಕೆ ನಮ್ಮ ಕರ್ನಾಟಕದ ಮೂರನೆಯ ಒಂದು ಪಾಲಿನಷ್ಟು ದೊಡ್ಡದು. ಕೊಲಂಬೊದಲ್ಲಿಳಿದವರು ಗಡಿಯಾರವನ್ನು ತಿರುಗಿಸಬೇಕಾಗಿಲ್ಲ. ತೆಂಗು, ಅಡಕೆ, ಹಲಸು ಎಲ್ಲವೂ ಗುರುತಿನವೇ. ‘ಇದಕ್ಕಾಗಿ ಇಷ್ಟು ಹಣವೇ?’ ಎಂದು ಮೊದಲ ದಿನ ಮನಸ್ಸು ಕೇಳದಿರದು. ಆದರೆ ಅಂಗಡಿಯ ಹಲಗೆಗಳನ್ನು ನೋಡಿರಿ! ನಮ್ಮ ಅಕ್ಷರಗಳಂತೆಯೇ ದುಂಡಗೆ, ಮುದ್ದಾಗಿ ಇರುವ ಆ ಲಿಪಿಯನ್ನು ಕಂಡಾಗ ಕಣ್ಣು ತಾನಾಗಿಯೇ ಓದಲು ಹೊರಡುತ್ತದೆ, ಓದಲಾರದೆ ಎಡವುತ್ತದೆ. ಸಿಂಹಳ ಭಾಷೆ ದಕ್ಷಿಣದ ತುದಿಯಲ್ಲಿದ್ದರೂ ದ್ರಾವಿಡವಲ್ಲ, ಪ್ರಾಕೃತಗಳ ಕುಲದ್ದು. ಪುಸ್ತಕಕ್ಕೆ ಅಲ್ಲಿ ‘ಪೊತ’ ಎನ್ನುತ್ತಾರೆ. ನಮ್ಮ ಹಳಗನ್ನಡದ ‘ಪೊತ್ತಗೆ’ಯೂ ಪ್ರಾಕೃತದ ಮೂಲಕ ಬಂದುದೇ. ಪುಸ್ತಕದಂಗಡಿಯಲ್ಲಿ ಈ ಮಾತು ಕಿವಿಗೆ ಬಿದ್ದಾಗ ನನಗಾದ ಹಿಗ್ಗನ್ನು ಮನೆಯವರಾರೂ ಹಂಚಿಕೊಳ್ಳಲಿಲ್ಲ.

ಸಿಗಿರಿಯಕ್ಕೆ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು. ಬಿಸಿಲೇರಿದ ಮೇಲೆ ಬಂಡೆ ಕಾದ ಹೆಂಚು. ತಂದೆಯನ್ನು ಕೊಂದು ಪಟ್ಟವೇರಿದ ಕಾಶ್ಯಪನು ತಮ್ಮನಿಗೆ ಹೆದರಿ, ಐದನೆಯ ಶತಮಾನದ ಕೊನೆಯಲ್ಲಿ ಈ ಹೆಬ್ಬಂಡೆಯ ನೆತ್ತಿಯ ಮೇಲೆ ಅರಮನೆ ಕಟ್ಟಿಕೊಂಡನೆಂದು ಅಲ್ಲಿಯ ವಂಶಕಥೆ ಹೇಳುತ್ತದೆ. ನಡುದಾರಿಯಲ್ಲಿ, ಬಂಡೆಯ ಕುಳಿಯೊಳಗೆ ಹೂ ಹಿಡಿದ ಹೆಣ್ಣುಗಳ ವರ್ಣಚಿತ್ರಗಳಿವೆ. ಚಿತ್ರಗಳನ್ನು ಎಲ್ಲರೂ ಹೊಗಳುತ್ತಾರೆ. ನಾನು ಹೊಗಳುವುದು ಅವುಗಳ ಬಳಿಯ ಗೋಡೆಯನ್ನು.

ಅದಕ್ಕೆ ಕನ್ನಡಿ ಗೋಡೆಯೆಂದು ಹೆಸರು. ಒಂದು ಕಾಲದಲ್ಲಿ ಮುಖ ಕಾಣುವಂತೆ ಮಿರುಗುತ್ತಿದ್ದ ಆ ಗಾರೆಯ ಮೇಲೆ, ಬಂದ ಯಾತ್ರಿಕರು ಪದ್ಯಗಳನ್ನು ಗೀಚಿಟ್ಟರು. ಅರಮನೆಯವರು, ಭಿಕ್ಷುಗಳು, ಸಿಪಾಯಿಗಳು, ಹೆಂಗಸರು. ಹೆಚ್ಚಿನವು ಎಂಟರಿಂದ ಹತ್ತನೆಯ ಶತಮಾನದೊಳಗಿನವು. ಚಿತ್ರದ ಹೆಣ್ಣುಗಳನ್ನು ಮೆಚ್ಚಿದವರುಂಟು, ಮಾತಾಡಲೊಲ್ಲರೆಂದು ಹಲುಬಿದವರುಂಟು. ಸೇನರತ್ ಪರಣವಿತಾನ ಎಂಬ ಮಹಾವಿದ್ವಾಂಸರು ಇಂತಹ 685 ಪದ್ಯಗಳನ್ನು ಓದಿ 1956ರಲ್ಲಿ ಪ್ರಕಟಿಸಿದರು. ಗೋಡೆಯ ಮೇಲೆ ಹೆಸರು ಗೀಚುವ ಚಟ ನಮ್ಮವರಿಗೂ ಬೇಕಾದಷ್ಟಿದೆ. ಛಂದಸ್ಸು ಮಾತ್ರ ಹೊರಟುಹೋಗಿದೆ.

ಇನ್ನೊಂದು ಸಂಗತಿಯನ್ನು ಕನ್ನಡದ ಮೇಷ್ಟರಾಗಿ ಹೇಳದಿರಲಾರೆ. ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿದ ಒಂಬತ್ತನೆಯ ಶತಮಾನದಲ್ಲಿಯೇ ಲಂಕೆಯಲ್ಲಿ ‘ಸಿಯಬಸ್‌ಲಕರ’ ಎಂಬ ಗ್ರಂಥ ಹುಟ್ಟಿತು. ಸ್ವಭಾಷಾಲಂಕಾರವೆಂದು ಅದರ ಅರ್ಥ. ಎರಡಕ್ಕೂ ಆಧಾರ ದಂಡಿಯ ‘ಕಾವ್ಯಾದರ್ಶ’. ಒಂದೇ ಸಂಸ್ಕೃತ ಗ್ರಂಥವನ್ನು ಎದುರಿಗಿಟ್ಟುಕೊಂಡು ಕಡಲಿನ ಈಚೆ ಕನ್ನಡವೂ ಆಚೆ ಸಿಂಹಳವೂ ತಮ್ಮ ತಮ್ಮ ನುಡಿಯಲ್ಲಿ ಕಾವ್ಯ ಹೇಗಿರಬೇಕೆಂದು ಹೆಚ್ಚುಕಡಮೆ ಒಂದೇ ಕಾಲದಲ್ಲಿ ಯೋಚಿಸಿದುವು. ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದ ಮಾತು. ಆ ಗೋಡೆಯ ಮುಂದೆ ನಿಂತಾಗ ಅದು ಪರೀಕ್ಷೆಯ ಪ್ರಶ್ನೆಯಾಗಿ ಉಳಿಯಲಿಲ್ಲ.

ತಾಯಿಯವರು ಹತ್ತು ಮೆಟ್ಟಿಲಿಗೊಮ್ಮೆ ನಿಂತು, ಸಿಂಹದ ಪಂಜಗಳಿರುವ ಜಗಲಿಯವರೆಗೆ ಹತ್ತಿದರು. ಒಂದು ಕಾಲದ ದೈತ್ಯ ಸಿಂಹದಲ್ಲಿ ಈಗ ಇಟ್ಟಿಗೆಯ ಎರಡು ಪಂಜಗಳಷ್ಟೇ ಉಳಿದಿವೆ. ಅಲ್ಲಿಯೇ ಕುಳಿತು, ನಮ್ಮನ್ನು ಮೇಲಕ್ಕೆ ಕಳಿಸಿದರು. ನೆತ್ತಿಯ ಮೇಲೆ ನಿಂತು ಕೆಳಗಿನ ಕಾಡನ್ನು ನೋಡುವಾಗ ಮಗಳ ಮುನಿಸು ಎಲ್ಲಿ ಹೋಯಿತೋ ತಿಳಿಯದು.

ಕ್ಯಾಂಡಿಯ ದಂತಮಂದಿರವನ್ನು ಜನಸಂದಣಿಯಲ್ಲಿ ನೋಡಿದ್ದಾಯಿತು; ಅಲ್ಲಿಂದ ಬೆಟ್ಟವೇರಿ, 1,868 ಮೀಟರು ಎತ್ತರದ ನುವರ ಎಲಿಯಕ್ಕೆ ಹೋದೆವು. ಅದರ ಸಮೀಪದ ಸೀತಾ ಎಲಿಯದಲ್ಲಿ, ತೊರೆಯ ದಂಡೆಯ ಮೇಲೆ ಸೀತಮ್ಮನ ಗುಡಿ. ಅಶೋಕವನ ಇದೇ ಎನ್ನುತ್ತಾರೆ. ಬಂಡೆಯ ಮೇಲಿನ ಕುಳಿಗಳನ್ನು ಹನುಮನ ಹೆಜ್ಜೆಯೆಂದು ತೋರಿಸುತ್ತಾರೆ. ವಾಲ್ಮೀಕಿಯ ಲಂಕೆ ಈ ದ್ವೀಪವೇ ಅಲ್ಲ, ಮಧ್ಯಭಾರತದಲ್ಲಿ ಎಲ್ಲಿಯೋ ಇತ್ತೆಂದು ಪುರಾತತ್ತ್ವಜ್ಞ ಸಾಂಕಳಿಯಾ ಅವರು ವಾದಿಸಿದ್ದು ನನ್ನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ, ಶಾಲನ್ನು ಎರಡು ಸುತ್ತು ಸುತ್ತಿಕೊಂಡಿದ್ದ ತಾಯಿಯವರು, “ಇಂಥಾ ಚಳೀಲಿ ಒಂದೇ ಸೀರೇಲಿ ಹೇಗಿದ್ದಳೋ ಮಹಾತಾಯಿ” ಎಂದರು. ಸಾಂಕಳಿಯಾ ಅವರನ್ನು ನಾನು ಎತ್ತಲಿಲ್ಲ.

ಸಸ್ಯಾಹಾರಿಗಳಿಗೆ ಒಂದು ಮಾತು. ಅಲ್ಲಿ ಒತ್ತುಶಾವಿಗೆಯೂ ಅಪ್ಪವೂ ಸೊಗಸಾಗಿರುತ್ತವೆ. ಆದರೆ ಜೊತೆಗೆ ಬರುವ ಕೆಂಪನೆಯ ಕಾಯಿ ಸಂಬೋಲದಲ್ಲಿ ಅನೇಕ ವೇಳೆ ಒಣಮೀನಿನ ಪುಡಿ ಬೆರೆತಿರುತ್ತದೆ. ಕೇಳಿಯೇ ಬಡಿಸಿಕೊಳ್ಳಬೇಕು. ಎಮ್ಮೆಯ ಗಟ್ಟಿಮೊಸರಿನ ಮೇಲೆ ಬೈನೆ ಮರದ ಬೆಲ್ಲದ ಪಾಕವನ್ನು ಸುರಿದು ಕೊಡುತ್ತಾರೆ. ಅದನ್ನು ಯಾರೂ ಕೇಳಬೇಕಾಗಿಲ್ಲ. ನಾವು ಹೋಗಿ ಬಂದ ಮೇಲೆ, 2025ರ ನವೆಂಬರಿನಲ್ಲಿ ದಿತ್ವಾ ಚಂಡಮಾರುತ ಆ ಬೆಟ್ಟದ ಸೀಮೆಯ ರಸ್ತೆ ರೈಲುದಾರಿಗಳಿಗೆ ಬಹಳ ಹಾನಿ ಮಾಡಿತು. ಹೊರಡುವವರು ಮಲೆಯ ರೈಲಿನ ಸ್ಥಿತಿಯನ್ನು ಮೊದಲೇ ವಿಚಾರಿಸಿಕೊಳ್ಳುವುದು ಮೇಲು.

ನಮ್ಮಾಕೆ ಈಗ ಸಿಂಗಪುರದ ಗಂಟು ಕಟ್ಟತೊಡಗಿದ್ದಾಳೆ. ತಾಯಿಯವರು ಮೊನ್ನೆ ತಮ್ಮ ಪಾಸ್‌ಪೋರ್ಟನ್ನು ಪೆಟ್ಟಿಗೆಯಿಂದ ತೆಗೆಸಿ, ಅದಕ್ಕೆ 2034ರವರೆಗೆ ಅವಧಿಯಿದೆಯೆಂದು ಮೊಮ್ಮಗಳಿಂದ ಓದಿಸಿ ಕೇಳಿದರು.