ಕಾಮರ್ಸ್ ಕಟ್ಟಿ, ಭಾಗ 9: ಷೇರು ಕಮ್ಮಿ ಇದ್ರ ಬಾಯಿ ಮುಚ್ಚಬೇಕೇನು?

ನಮ್ಮ ಗದಗ ಜಿಲ್ಲೆಯವರಿಗೆ ವಾರ್ಷಿಕ ಸಭೆ ಅಂದ್ರ ಹೊಸದಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಾಗ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ದೇಶದಾಗ ಮೊದಲನೇದು ಅಂತ ಅದಕ್ಕ ಹೆಸರು. ಇವತ್ತಿಗೂ ಸೊಸೈಟಿ ಲೆಕ್ಕ ಸರಳ: ಒಬ್ಬ ಸದಸ್ಯನಿಗೆ ಒಂದೇ ಓಟು. ಐವತ್ತು ಎಕರೆ ಇದ್ದವರಿಗೂ ಒಂದು, ಎರಡು ಎಕರೆ ಇದ್ದವರಿಗೂ ಒಂದು.

ಕಂಪನಿ ಹಂಗಲ್ಲ. ಅಲ್ಲಿ ಷೇರಿಗೊಂದು ಓಟು.

ಲಕ್ಷ್ಮೇಶ್ವರದ ನಮ್ಮ ಸೋದರಮಾವನ ಹತ್ರ ಒಂದು ಸಣ್ಣ ಪಬ್ಲಿಕ್ ಕಂಪನಿಯ 200 ಷೇರು ಅದಾವ. ಹೆಸರು ಬ್ಯಾಡ. ಡಿವಿಡೆಂಡ್ ನಿಂತು ಭಾಳ ವರ್ಷ ಆತು. ಕೇಳಿದ್ರ ಲಾಭ ಇಲ್ಲ ಅಂತಾರ. ಆದ್ರ ಡೈರೆಕ್ಟರ್ ಮನೆಯವರ ಗೋಡೌನಿಗೆ ಕಂಪನಿ ಕೊಡೋ ಬಾಡಿಗೆ ಮಾತ್ರ ವರ್ಷಾ ವರ್ಷಾ ಏರ್ತೈತಿ. ಸೊಸೈಟಿ ಸಭೆಯಾಗ ಎದ್ದು ನಿಂತು ಗೊಬ್ಬರದ ಲೆಕ್ಕ ಕೇಳೋ ಮಾವ ಇಲ್ಲಿ ಮಾತ್ರ, "ನಮ್ಮದೇನ್ ನಡೀತೈತಿ ಬಿಡವಾ" ಅಂತಾರ.

ನಡೀತೈತೋ ಇಲ್ಲೋ, ನೋಡೋಣ ಬರ್ರಿ.

ದೊಡ್ಡ ಕಂಪನಿಯಾಗ ಸಣ್ಣವರ ಜೊತೆ ಮ್ಯೂಚುವಲ್ ಫಂಡ್, ವಿಮಾ ಕಂಪನಿಯಂಥ ದೊಡ್ಡ ಹೂಡಿಕೆದಾರರೂ ಇರ್ತಾರ. 2014ರ ನವೆಂಬರ್‌ನಲ್ಲಿ ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್ ಷೇರುದಾರರು 12 ನಿರ್ಣಯಗಳಲ್ಲಿ 9 ತಳ್ಳಿಹಾಕಿದ್ರು. ಅದರಾಗ ವಿಜಯ್ ಮಲ್ಯ ಅವರ ಗುಂಪಿನ ಕಂಪನಿಗಳ ಜೊತೆಗಿನ ಒಪ್ಪಂದಗಳೂ ಇದ್ದವು. ಸಣ್ಣ ಕಂಪನಿಯಾಗ ಅಂಥ ಹೂಡಿಕೆದಾರರು ಸಿಗೋದೇ ಕಷ್ಟ. ಮ್ಯಾಲೆ ಇನ್ನೊಂದು: ಪಬ್ಲಿಕ್ ಕಂಪನಿಗೆ ಸಾವಿರದೊಳಗ ಸದಸ್ಯರಿದ್ರ, ಐದು ಮಂದಿ ಬಂದು ಕುಂತ್ರ ಕೋರಂ ಆತು. ಆ ಐದೂ ಮಂದಿ ಒಂದೇ ಮನೆಯವರಾದ್ರ? ಚಹಾ ಕುಡಿದು ಏಳೋದ್ರೊಳಗ ಸಭೆ ಮುಗೀತು.

ಆದ್ರೂ 2013ರ ಕಂಪನಿ ಕಾಯ್ದೆ ಸಣ್ಣವರ ಕೈಯಾಗ ಕೆಲವು ಹಕ್ಕು ಕೊಟ್ಟೈತಿ.

📌 ಓದೋ ಹಕ್ಕು. ಸಭೆಗೆ 21 ದಿನ ಮೊದಲೇ ನೋಟಿಸ್, ಲೆಕ್ಕಪತ್ರ ಬರಬೇಕು. ಹಳೇ ಸಭೆಗಳ ನಡಾವಳಿ ಪುಸ್ತಕವನ್ನ ಸದಸ್ಯರು ಕಚೇರಿಗೆ ಹೋಗಿ ಪುಕ್ಕಟೆ ನೋಡಬಹುದು, ಕಲಂ 119. ಒಂದು ಷೇರು ಇದ್ರೂ ಸಾಕು.

📌 ತಡೆಯೋ ಹಕ್ಕು. ಡೈರೆಕ್ಟರ್ ಸಂಬಂಧಿಕರ ಜೊತೆಗಿನ ವ್ಯವಹಾರ ಮಾರುಕಟ್ಟೆ ರೀತಿಯಾಗ ಇಲ್ಲದೆ, ನಿಗದಿ ಮಾಡಿದ ಮಿತಿಯನ್ನೂ ದಾಟಿದ್ರ, ಷೇರುದಾರರ ಒಪ್ಪಿಗೆ ಬೇಕು. ಆ ನಿರ್ಣಯಕ್ಕ ಸಂಬಂಧಪಟ್ಟ ಪಕ್ಷದವರು ಸಾಮಾನ್ಯವಾಗಿ ಓಟು ಹಾಕಂಗಿಲ್ಲ, ಕಲಂ 188. ಅವತ್ತು ಮಾವನ 200ಕ್ಕ ಬೆಲೆ ಬರ್ತೈತಿ.

📌 ದೂರು ಕೊಡೋ ಹಕ್ಕು. ಇದನ್ನ ಓದಿದಾಗ ನನಗ ಕಣಗಿನಹಾಳ ನೆನಪಾತು. ಸಣ್ಣವರ ಮ್ಯಾಲೆ ದಬ್ಬಾಳಿಕೆ ಆದ್ರ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗಬಹುದು. ನಮ್ಮ ರಾಜ್ಯಕ್ಕ ಅದು ಬೆಂಗಳೂರಾಗ ಐತಿ. ಬಂಡವಾಳದ ಹತ್ತರಲ್ಲಿ ಒಂದು ಪಾಲು ಇದ್ದವರು ಹೋಗಬಹುದು. ಅಷ್ಟು ಇಲ್ಲಂದ್ರ, 100 ಸದಸ್ಯರು ಅಥವಾ ಒಟ್ಟು ಸದಸ್ಯರ ಹತ್ತರಲ್ಲಿ ಒಂದು ಭಾಗ, ಯಾವುದು ಕಮ್ಮಿಯೋ ಅಷ್ಟು ಮಂದಿ ಕೂಡಿದ್ರೂ ಸಾಕು. ಅಂದ್ರ 600 ಷೇರುದಾರರ ಕಂಪನಿಯಾಗ 60 ಮಂದಿ. ಇಲ್ಲಿ ಕಾಯ್ದೆ ಷೇರು ಎಣಿಸಂಗಿಲ್ಲ, ತಲಿ ಎಣಿಸ್ತೈತಿ. ಥೇಟ್ ನಮ್ಮ ಸೊಸೈಟಿ ಹಂಗ!

ಸುಲಭ ಅಂತ ಹೇಳಂಗಿಲ್ಲ ಮತ್ತ. ವಕೀಲರ ಫೀ, ಬೆಂಗಳೂರಿಗೆ ಓಡಾಟ, ವರ್ಷಗಟ್ಟಲೆ ಕಾಯೋದು. ಎರಡು ಸಾವಿರ ಮುಖಬೆಲೆಯ ಷೇರಿಗೆ ಇಷ್ಟೆಲ್ಲಾ ಯಾಕ ಅಂತ ಮಾವ ಕೇಳಿದ್ರ, ಅದೂ ಖರೇನ. ದೊಡ್ಡವರಿಗೆ ಧೈರ್ಯ ಬರೋದೂ ಈ ಲೆಕ್ಕದಿಂದನ. ಪ್ರತಿಯೊಬ್ಬರ ನಷ್ಟ ಸಣ್ಣದು, ಹಂಗಾಗಿ ಯಾರೂ ಎದ್ದು ನಿಲ್ಲಂಗಿಲ್ಲ.

ಹಂಗಂತ ಓದಾಕ ರೊಕ್ಕ ಬೇಕಿಲ್ಲಲ್ಲ? ಮುಂಡರಗಿ, ಶಿರಹಟ್ಟಿ, ಬೆಟಗೇರಿ, ನೀವು ಎಲ್ಲೇ ಇರ್ರಿ, ಮನ್ಯಾಗ ಹಿರಿಯರ ಹೆಸರಲ್ಲಿ ಷೇರು ಇದ್ರ ಈ ಸಲ ವಾರ್ಷಿಕ ವರದಿ ಬಂದಾಗ ರದ್ದಿಗೆ ಹಾಕಬ್ಯಾಡ್ರಿ. ಮೊದಲ ಪುಟದ ಫೋಟೋ ಬಿಟ್ಟು ಹಿಂದಿನ ಟಿಪ್ಪಣಿಗೆ ಹೋಗ್ರಿ, "ಸಂಬಂಧಿತ ಪಕ್ಷಗಳ ವ್ಯವಹಾರ" ಅನ್ನೋದನ್ನ ಹುಡುಕ್ರಿ. ಯಾರಿಗೆ ಎಷ್ಟು ಹೋತು ಅಂತ ಅಲ್ಲೇ ಇರ್ತೈತಿ.

ಮುಂದಿನ ಭಾಗದಾಗ ಆಡಿಟರ್ ವರದಿ ಓದೋದು ಹೆಂಗ ಅಂತ ನೋಡೋಣ. ಸೇವ್ ಮಾಡಿಟ್ಕೊಳ್ರಿ 🙏

#ಕಾಮರ್ಸ್‌ಕಟ್ಟಿ #ಗದಗ #ಷೇರುದಾರರಹಕ್ಕು