ಎಣ್ಣೆಯ ಊರು, ರೇಷ್ಮೆಯ ಊರು, ನಮ್ಮ ಹುಡುಗಿಯ ಕೂದಲು

ಹಿರಿಯೂರಿನಿಂದ ಬಳ್ಳಾರಿ ರಸ್ತೆ ಹಿಡಿದು ಹೊರಟರೆ ಹಸಿರು ಮೆಲ್ಲಮೆಲ್ಲಗೆ ಹಿಂದೆ ಸರಿಯುತ್ತದೆ. ಜಾಲಿಮರ, ಅಲ್ಲೊಂದು ಇಲ್ಲೊಂದು ಬೇವು, ಕೆಂಪು ನೆಲದಲ್ಲಿ ಶೇಂಗಾ ಹೊಲ, ದೂರದಲ್ಲಿ ಬೋಳು ಗುಡ್ಡಗಳ ಸಾಲು. ಇದೇ ಚಳ್ಳಕೆರೆ ಸೀಮೆ. ನಮ್ಮ ರಾಜ್ಯದಲ್ಲಿ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಇದೂ ಒಂದು. ಸರಾಸರಿ ತೆಗೆದರೆ ವರ್ಷಕ್ಕೆ 500 ಮಿಲಿಮೀಟರಿಗಿಂತ ಕಡಿಮೆಯೇ. ಬೆಳಿಗ್ಗೆ ಒಗೆದು ಹಾಕಿದ ದಪ್ಪ ಜಮಖಾನೆ ಮಧ್ಯಾಹ್ನದ ಊಟದ ಹೊತ್ತಿಗೆ ಗರಿಗರಿಯಾಗಿ ಒಣಗಿರುತ್ತದೆ ಎಂದರೆ ಅಲ್ಲಿಯ ಹವೆ ಎಂಥದ್ದೆಂದು ನೀವೇ ಊಹಿಸಿಕೊಳ್ಳಿ.

ಚಳ್ಳಕೆರೆ ಎಂದರೆ ಎಣ್ಣೆ. ಶೇಂಗಾ ಎಣ್ಣೆಯ ವ್ಯಾಪಾರದಲ್ಲಿ ಮುಂಬಯಿ ಬಿಟ್ಟರೆ ಚಳ್ಳಕೆರೆಯೇ ಎಂಬ ಮಾತು ಒಂದು ಕಾಲಕ್ಕೆ ಇತ್ತು. ಹೊರದೇಶದ ಅಗ್ಗದ ಎಣ್ಣೆ ಬಂದ ಮೇಲೆ ಎಷ್ಟೋ ಗಿರಣಿಗಳು ಬಾಗಿಲು ಹಾಕಿಕೊಂಡವು. ಆದರೂ ಶೇಂಗಾ ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ, ಜೊತೆಗೆ ಒಗ್ಗರಣೆ ಮಂಡಕ್ಕಿ, ಇದರ ರುಚಿ ಮಾತ್ರ ಹೋಗಿಲ್ಲ. ಇನ್ನೊಂದು ಹೆಸರುವಾಸಿ ಸಾಮಾನು ಕರಿ ಕಂಬಳಿ. ಅದನ್ನು ನೇಯುವವರು ಉಣ್ಣೆಯ ಹಾಸಿಗೆ ಹುಣಸೆಬೀಜದ ಗಂಜಿ ಹಚ್ಚಿ ಗಟ್ಟಿ ಮಾಡಿಕೊಳ್ಳುತ್ತಾರೆ. ಈ ಗಂಜಿಯ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕೂದಲಿನ ಜಗಳ

ನನ್ನ ಅಕ್ಕನನ್ನು ಕೊಟ್ಟಿರುವುದು ಚಳ್ಳಕೆರೆಗೆ. ಅವಳ ಮಗಳ ಮದುವೆ ಗೊತ್ತಾಗಿ, ಸೀರೆ ತರಲು ಮೊಳಕಾಲ್ಮೂರಿಗೆ ಹೋಗೋಣ ಬಾ ಎಂದು ಕರೆಸಿಕೊಂಡಳು. ನಾನು ಹೋಗಿ ನೋಡಿದರೆ ತಾಯಿ ಮಗಳು ಮಾತು ಬಿಟ್ಟು ಕೂತಿದ್ದಾರೆ. ಕಾರಣ ಹುಡುಗಿಯ ಕೂದಲು.

ಸೊಂಟದಿಂದ ಕೆಳಗೆ ಬರುತ್ತಿದ್ದ ಜಡೆ ಅದು. ವರ್ಷದ ಕೆಳಗೆ ಒಂದು ಕರ್ಲಿಂಗ್ ಮೆಷಿನ್ನು ತಂದಿದ್ದಳಂತೆ. ಗೆಳತಿಯರ ಮದುವೆ, ಹಬ್ಬ, ಹುಟ್ಟುಹಬ್ಬ, ಎಲ್ಲಕ್ಕೂ ಅದೇ. ತುದಿಯ ಒಂದು ಗೇಣು ಕೂದಲು ತೆಂಗಿನ ನಾರಿನ ಹಾಗಾಗಿತ್ತು. ಬಾಚಣಿಗೆ ಹಾಕಿದರೆ ತುಂಡುತುಂಡಾಗಿ ಕೈಗೆ ಬರುತ್ತಿತ್ತು. "ಮೊಗ್ಗಿನ ಜಡೆ ಹೆಣೆಯೋಕೆ ಕೂದಲು ಬೇಕಲ್ಲ, ಆ ಮೆಷಿನ್ನು ಬಾವಿಗೆ ಹಾಕ್ತೀನಿ" ಅಂತ ಅಕ್ಕ. "ಆರತಕ್ಷತೆಗೆ ಕೂದಲು ಬಿಟ್ಟು ಅಲೆ ಅಲೆ ಮಾಡಿಕೊಳ್ಳೋದೇ. ಬೇಡ ಅಂದ್ರೆ ಭುಜದ ಮಟ್ಟಕ್ಕೆ ಕತ್ತರಿಸಿ ಹಾಕ್ತೀನಿ" ಅಂತ ಮಗಳು. ಇಬ್ಬರ ಕಣ್ಣಲ್ಲೂ ನೀರು. ನೋಡಿದರೆ ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಮದುವೆಯ ದಿನ ಚೆನ್ನಾಗಿ ಕಾಣಬೇಕೆಂಬ ಆಸೆ ಯಾವ ಹುಡುಗಿಗಿಲ್ಲ? ಇಷ್ಟು ವರ್ಷ ಎಣ್ಣೆ ಹಚ್ಚಿ ಬೆಳೆಸಿದ ಕೂದಲು ಉದುರಿದರೆ ಯಾವ ತಾಯಿಗೆ ನೋವಾಗುವುದಿಲ್ಲ?

ಮೊಳಕಾಲ್ಮೂರಿನ ದಾರಿ

ಮರುದಿನ ಮೂವರೂ ಸರ್ಕಾರಿ ಬಸ್ಸು ಹತ್ತಿದೆವು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಟಿಕೆಟ್ಟಿನ ಖರ್ಚಿಲ್ಲ. ಆಧಾರ್ ಕಾರ್ಡ್ ಮರೆಯದೆ ಚೀಲಕ್ಕೆ ಹಾಕಿಕೊಂಡರಾಯಿತು. ದಾರಿಯಲ್ಲಿ ತಳುಕು ಸಿಗುತ್ತದೆ. ಕಾದಂಬರಿಕಾರ ತ.ರಾ.ಸು. ಅವರ ಹೆಸರಿನಲ್ಲಿರುವ 'ತ' ಈ ಊರಿನದೇ. ಮುಂದೆ ಬಿ.ಜಿ. ಕೆರೆ ದಾಟಿ, ಹಾನಗಲ್ ಬಳಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿದರೆ ಬಂಡೆಗುಡ್ಡಗಳ ಮಡಿಲಲ್ಲಿ ಮೊಳಕಾಲ್ಮೂರು. ಆಚೆ ಆಂಧ್ರದ ರಾಯದುರ್ಗ. ಹೀಗಾಗಿ ಬೀದಿಯಲ್ಲಿ ಕನ್ನಡ ತೆಲುಗು ಎರಡೂ ಕೇಳಿಸುತ್ತವೆ.

ಸಮಯವಿದ್ದವರು ಇದೇ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಿಗೂ ಹೋಗಿಬರಬಹುದು. ಅಶೋಕ ಚಕ್ರವರ್ತಿ ಬಂಡೆಯ ಮೇಲೆ ಬರೆಸಿದ ಶಾಸನಗಳು ಅಲ್ಲಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಅವನ್ನು ಬೆಳಕಿಗೆ ತಂದರು. ತಂದೆತಾಯಿಯ ಮಾತು ಕೇಳಬೇಕೆಂದು ಅದರಲ್ಲಿದೆ ಎಂದು ನಾನು ಹೇಳಿದ್ದಕ್ಕೆ ಅಕ್ಕ ಮಗಳ ಕಡೆ ತಿರುಗಿ ನೋಡಿದಳು. ಹುಡುಗಿ ಕಿಟಕಿಯ ಕಡೆ ತಿರುಗಿಕೊಂಡಳು!

ಮಗ್ಗದ ಮನೆಯಲ್ಲಿ

ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಅಂದರೆ ಈ ಹೆಸರಿನಲ್ಲಿ ಬೇರೆ ಕಡೆ ನೇಯ್ದ ಸೀರೆ ಮಾರುವ ಹಾಗಿಲ್ಲ. ಮೈಗೊಂದು ಬಣ್ಣ, ಅಂಚಿಗೆ ಅದಕ್ಕೆ ಎದುರಾದ ಬಣ್ಣ, ನಡುವೆ ಹೂವು, ಹಣ್ಣು, ನವಿಲಿನ ಬುಟ್ಟಾ. ಅಂಗಡಿಗಿಂತ ಮಗ್ಗದ ಮನೆಗೇ ಹೋಗೋಣವೆಂದು ಕೇಳಿಕೊಂಡು ಹೋದೆವು.

ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ನೆಲದ ತಂಪಿಗೆ ನೂಲು ಮೆತ್ತಗಿರುತ್ತದೆ, ಒಣಹವೆಗೆ ಪಟಪಟನೆ ಹರಿಯುವುದಿಲ್ಲ ಅಂದರು. ಯಜಮಾನರು ಲಾಳಿ ಓಡಿಸುತ್ತಿದ್ದರು. ಮೂಲೆಯಲ್ಲಿ ಅವರ ತಾಯಿ ಕಂಡಿಕೆ ಸುತ್ತುತ್ತಿದ್ದರು. ಅಕ್ಕ ನಮ್ಮ ಹೆಂಗಸರ ಮಾಮೂಲಿ ಪ್ರಶ್ನೆ ಹಾಕಿದಳು: "ಇದು ಅಪ್ಪಟ ರೇಷ್ಮೆಯೇನ್ರಿ?"

ಅಜ್ಜಿ ಮಾತಾಡದೆ ಎರಡು ಎಳೆ ಕಿತ್ತು, ಕಡ್ಡಿ ಗೀರಿ ತುದಿಗೆ ಹಿಡಿದರು. ಎಳೆ ಸುರುಟಿ ಕರ್ರಗಾಯಿತು. ಬೆರಳಲ್ಲಿ ತಿಕ್ಕಿದರೆ ಬೂದಿಯಾಗಿ ಉದುರಿತು. ನೈಲಾನು, ಪಾಲಿಯೆಸ್ಟರು ಆಗಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ನಿಜವಾದ ರೇಷ್ಮೆಗೆ ಒಂದು ವಾಸನೆಯೂ ಇದೆ. ನಮ್ಮ ಹುಡುಗಿ ಮೂಗು ಹಿಡಿದುಕೊಂಡು, "ಚಿಕ್ಕಮ್ಮಾ, ನನ್ನ ಮೆಷಿನ್ನು ಇಟ್ಟಾಗ ಬರೋದು ಇದೇ ವಾಸನೆ!" ಅಂದಳು.

ಅಜ್ಜಿ ನಕ್ಕರು. "ಇನ್ನೇನವ್ವಾ, ರೇಷ್ಮೆ ಹುಳದ ಬಾಯಿಂದ ಬಂತು, ಕೂದಲು ನಮ್ಮ ತಲೆಯಿಂದ ಬಂತು. ಎರಡೂ ಜೀವದ ನೂಲೇ. ಸುಟ್ರೆ ಒಂದೇ ವಾಸನೆ. ಈ ಸೀರೆ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಹಂಗೇ ಇಡ್ತೀಯಾ?"

ಹುಡುಗಿ ಮಾತಾಡಲಿಲ್ಲ. ಅಜ್ಜಿಯೇ ಮುಂದುವರಿಸಿದರು. "ನಾವು ಹುಡುಗೇರಾಗಿದ್ದಾಗ ಜಾತ್ರೆಗೆ ಹೋಗೋ ಹಿಂದಿನ ರಾತ್ರಿ ತಲೆಗೆ ನೀರು ಹಾಕ್ಕಂಡು, ಹಸಿ ಇರೋವಾಗಲೇ ನಾಕು ಜಡೆ ಹಾಕ್ಕಂಡು ಮಲಗ್ತಿದ್ವಿ. ಬೆಳಗ್ಗೆ ಬಿಚ್ಚಿದ್ರೆ ಗುಂಗುರು ಗುಂಗುರು. ನೂಲಿಗೂ ಹುರಿ ಕೊಡಬೇಕು, ಕೂದಲಿಗೂ ಹುರಿ ಕೊಡಬೇಕು. ಬೆಂಕಿ ಯಾತಕ್ಕೆ?"

ಅಜ್ಜಿಯ ಮಾತಿನಲ್ಲಿ ಎಷ್ಟು ಸತ್ಯವಿದೆ?

ಪೂರಾ ಸತ್ಯವಿದೆ. ರೇಷ್ಮೆ, ಕಂಬಳಿಯ ಉಣ್ಣೆ, ನಮ್ಮ ಕೂದಲು ಮೂರೂ ಪ್ರೋಟೀನಿನ ಎಳೆಗಳು. ಉಣ್ಣೆಯಲ್ಲೂ ಕೂದಲಲ್ಲೂ ಇರುವುದು ಕೆರಾಟಿನ್ ಎಂಬ ಒಂದೇ ಜಾತಿಯ ಪ್ರೋಟೀನು. ಕೂದಲಿನ ಆಕಾರವನ್ನು ಹಿಡಿದಿಡುವ ಸಣ್ಣ ಸಣ್ಣ ಕೊಂಡಿಗಳು ಅದರೊಳಗಿವೆ. ಅವುಗಳಲ್ಲಿ ಕೆಲವು ನೀರು ತಾಗಿದರೆ ಬಿಡುತ್ತವೆ, ಒಣಗಿದರೆ ಮತ್ತೆ ಕೂಡಿಕೊಳ್ಳುತ್ತವೆ. ಹಸಿಯಾಗಿದ್ದಾಗ ಯಾವ ಆಕಾರದಲ್ಲಿ ಇಟ್ಟಿರುತ್ತೇವೋ ಒಣಗಿದ ಮೇಲೆ ಅದೇ ಆಕಾರ ನಿಲ್ಲುತ್ತದೆ. ಅಂದರೆ ಅಲೆ ಬರಲು ಬೇಕಾದದ್ದು ನೀರು, ಸುತ್ತು ಮತ್ತು ಹೊತ್ತು. ಮೆಷಿನ್ನು ಮಾಡುವುದೂ ಇದನ್ನೇ. ಒಂದು ರಾತ್ರಿಯ ಕೆಲಸವನ್ನು ಹತ್ತು ಸೆಕೆಂಡಿನಲ್ಲಿ ಮುಗಿಸಲು ಕಾವು ಕೊಡುತ್ತದೆ, ಅಷ್ಟೆ.

ಆ ಕಾವು ಎಷ್ಟು ಗೊತ್ತೇ? ನೀರು ಕುದಿಯುವುದು 100 ಡಿಗ್ರಿಗೆ. ಪೂರಿ, ಬಜ್ಜಿ ಕರಿಯುವ ಎಣ್ಣೆ ಸುಮಾರು 180 ಡಿಗ್ರಿ. ಕರ್ಲಿಂಗ್ ಮೆಷಿನ್ನುಗಳನ್ನು ಸಾಮಾನ್ಯವಾಗಿ 150ರಿಂದ 230 ಡಿಗ್ರಿವರೆಗೂ ಇಡಬಹುದು. ಚಳ್ಳಕೆರೆಯ ಮೆಣಸಿನಕಾಯಿ ಬಾಣಲೆಯಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು! ಅದರಲ್ಲೂ ಕೂದಲು ಹಸಿಯಾಗಿದ್ದಾಗ ಇಟ್ಟರೆ ಎಳೆಯೊಳಗಿನ ನೀರು ಕುದಿದು ಗುಳ್ಳೆಗಳೇಳುತ್ತವೆ. ಅಲ್ಲಿಗೇ ಕೂದಲು ಮುರಿಯುತ್ತದೆ.

ಇನ್ನೊಂದು ವಿಷಯ. ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರು. ಸೊಂಟ ಮುಟ್ಟುವ ಕೂದಲಿನ ತುದಿಗೆ ಐದು ವರ್ಷಕ್ಕಿಂತ ಹೆಚ್ಚು ವಯಸ್ಸಾಗಿರುತ್ತದೆ. ಚರ್ಮಕ್ಕೆ ಗಾಯವಾದರೆ ಮಾಯುತ್ತದೆ, ಸುಟ್ಟ ಕೂದಲು ಮಾಯುವುದಿಲ್ಲ. ಕತ್ತರಿಸಿ ಹೊಸದು ಬೆಳೆಯಲು ಬಿಡಬೇಕಷ್ಟೆ.

ಕಾದ ಚಿಮುಟದ ಈ ಅಲಂಕಾರಕ್ಕೆ ದೊಡ್ಡ ಹೆಸರು ಬಂದದ್ದು 1870ರ ದಶಕದಲ್ಲಿ, ಪ್ಯಾರಿಸ್ಸಿನ ಮಾರ್ಸೆಲ್ ಗ್ರಾಟೋ ಎಂಬ ಕೇಶಶೃಂಗಾರಕಾರನಿಂದ. ಆದರೆ ಅಲ್ಲಿಯ ಮನೆಗಳಲ್ಲೂ ಹೆಂಗಸರು ಹಳೇ ಬಟ್ಟೆಯ ಚೂರುಗಳಿಗೆ ಹಸಿ ಕೂದಲು ಸುತ್ತಿ ಮಲಗುವ ರೂಢಿ ಇತ್ತು. ಬಡವರ ಉಪಾಯ ಎಲ್ಲ ಊರಲ್ಲೂ ಒಂದೇ!

ಮಾಡುವ ಬಗೆ

ಅಕ್ಕನ ಮನೆಯಲ್ಲಿ ನಾವು ಮೂರು ಬಗೆಯನ್ನೂ ಮಾಡಿ ನೋಡಿದೆವು. ಎಲ್ಲಕ್ಕೂ ಮೊದಲ ನಿಯಮ: ಕೂದಲು ನೀರು ತೊಟ್ಟಿಕ್ಕುವಂತಿರಬಾರದು. ಮುಕ್ಕಾಲು ಪಾಲಿಗಿಂತ ಹೆಚ್ಚು ಆರಿ, ಮುಟ್ಟಿದರೆ ತಂಪೆನಿಸುವಷ್ಟು ಪಸೆ ಇದ್ದರೆ ಸಾಕು. ಪೂರಾ ಒದ್ದೆ ಕೂದಲು ಎಳೆದರೆ ಹಿಗ್ಗಿ ಮುರಿಯುತ್ತದೆ. ಬೆಳಗಿನ ತನಕ ಒಣಗದೆ ವಾಸನೆಯೂ ಬರುತ್ತದೆ.

ಒಂದನೆಯದು ಜಡೆ. ಎರಡು ಜಡೆ ಹಾಕಿದರೆ ದೊಡ್ಡ ಅಲೆ. ನಾಲ್ಕು, ಆರು ಹಾಕಿದರೆ ಸಣ್ಣ ಅಲೆ. ಬುಡದಲ್ಲಿ ಬಿಗಿಯಬೇಡಿ. ದಿನವೂ ಬಿಗಿದು ಎಳೆದರೆ ಹಣೆಯ ಅಂಚಿನ ಕೂದಲು ಉದುರುತ್ತದೆ.

ಎರಡನೆಯದು ಹಗ್ಗದ ಜಡೆ. ಕೂದಲನ್ನು ಎರಡೇ ಕಾಲು ಮಾಡಿ, ಎರಡನ್ನೂ ಬಲಕ್ಕೆ ಹುರಿಮಾಡುತ್ತಾ ಒಂದರ ಮೇಲೊಂದನ್ನು ಎಡಕ್ಕೆ ಸುತ್ತಿ. ಜಡೆಯ ಮುರಿತದ ಗುರುತಿಲ್ಲದೆ ಮೃದುವಾದ ಅಲೆ ಬರುತ್ತದೆ.

ಮೂರನೆಯದು ರೇಷ್ಮೆಯ ಸುರುಳಿ. ನಮ್ಮ ಹುಡುಗಿಗೆ ಹಿಡಿಸಿದ್ದು ಇದೇ. ಪಿಸಿದು ಹೋದ ಹಳೇ ರೇಷ್ಮೆ ಸೀರೆಯಲ್ಲಿ ಜರಿಯಿಲ್ಲದ ಕಡೆ ಒಂದು ಮೀಟರು ಉದ್ದದ ತುಂಡು ಹರಿದು, ಹೆಬ್ಬೆರಳಿಗಿಂತ ತುಸು ದಪ್ಪವಾಗಿ ಸುರುಳಿ ಮಾಡಿ, ಅಲ್ಲಲ್ಲಿ ಹೊಲಿಗೆ ಹಾಕಿ. ನಡುನೆತ್ತಿಯ ಮೇಲೆ ಇಟ್ಟು ಎರಡು ತುದಿ ಕಿವಿಯ ಪಕ್ಕ ಇಳಿಬಿಡಿ. ಜಾರದ ಹಾಗೆ ಮೇಲೊಂದು ಕ್ಲಿಪ್ಪು. ಮುಂದಲೆಯಿಂದ ಸ್ವಲ್ಪ ಕೂದಲು ತೆಗೆದು ಮುಖದಿಂದ ಹಿಂದಕ್ಕೆ ಸುರುಳಿಗೆ ಸುತ್ತಿ. ಪ್ರತಿ ಸುತ್ತಿಗೂ ಪಕ್ಕದ ಕೂದಲು ಸೇರಿಸುತ್ತಾ ಕೆಳಗಿನವರೆಗೂ ಬನ್ನಿ. ತುದಿಗೆ ಬಟ್ಟೆಯ ಬ್ಯಾಂಡು. ಇನ್ನೊಂದು ಪಕ್ಕಕ್ಕೂ ಹೀಗೆಯೇ. ಬೆಳಿಗ್ಗೆ ಪೂರಾ ಒಣಗಿದೆಯೆಂದು ಮುಟ್ಟಿ ನೋಡಿ, ಮೆಲ್ಲಗೆ ಸುರುಳಿಯನ್ನು ಎಳೆದುಕೊಂಡು, ಬೆರಳಿನಿಂದ ಬಿಡಿಸಿ. ಬಾಚಣಿಗೆ ಬೇಡ. ರೇಷ್ಮೆಯೇ ಯಾಕೆಂದರೆ, ಅದು ನುಣುಪು. ಕೂದಲು ಉಜ್ಜಿ ಕೆದರುವುದಿಲ್ಲ. ಇಂಥ ಸುರುಳಿಗಳು ಸ್ಯಾಟಿನ್ ಬಟ್ಟೆಯಲ್ಲಿ ಮಾಡಿ ಅಂಗಡಿಯಲ್ಲೂ ಸಿಗುತ್ತವೆ. ಮನೆಯಲ್ಲಿ ಹಳೇ ಸೀರೆ ಇದ್ದರೆ ಕೊಳ್ಳುವುದೇಕೆ?

ಅಲೆ ನಿಲ್ಲಲು ಅಗಸೆಬೀಜದ ಲೋಳೆ

ಕಂಬಳಿಯ ಉಣ್ಣೆಗೆ ಹುಣಸೆಬೀಜದ ಗಂಜಿ ಹೇಗೋ, ಕೂದಲಿಗೆ ಅಗಸೆಬೀಜದ ಲೋಳೆ ಹಾಗೆ. ಕಾಲು ಲೋಟ ಅಗಸೆಬೀಜಕ್ಕೆ ಎರಡು ಲೋಟ ನೀರು ಹಾಕಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕುದಿಸಿ. ಮೊಟ್ಟೆಯ ಬಿಳಿಯಷ್ಟು ಮಂದವಾದ ಕೂಡಲೇ ತೆಳು ಬಟ್ಟೆಯಲ್ಲಿ ಸೋಸಿ. ಆರಿದರೆ ಗಟ್ಟಿಯಾಗಿ ಇಳಿಯುವುದಿಲ್ಲ, ಜೋಕೆ. ತಣ್ಣಗಾದ ಮೇಲೆ ಒಂದು ಚಮಚದಷ್ಟನ್ನು ಅಂಗೈಗೆ ಸವರಿಕೊಂಡು ಹಸಿ ಕೂದಲಿಗೆ ಹಚ್ಚಿ ಸುತ್ತಿ. ಉಳಿದದ್ದು ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ.

ತಲೆಸ್ನಾನಕ್ಕೆ ಮುಂಚೆ ಕೊಬ್ಬರಿ ಎಣ್ಣೆ ಹಚ್ಚುವ ನಮ್ಮ ರೂಢಿ ಬಿಡಬೇಡಿ. ಕೊಬ್ಬರಿ ಎಣ್ಣೆಯಿಂದ ಕೂದಲಿನ ಪ್ರೋಟೀನು ಸೋರುವುದು ಕಡಿಮೆಯಾಗುತ್ತದೆಂದು ಮುಂಬಯಿಯ ಸಂಶೋಧಕರು 2003ರಲ್ಲಿ ತೋರಿಸಿದ್ದಾರೆ. ಬೋರ್‌ವೆಲ್ಲಿನ ಗಡಸು ನೀರಿನ ಊರುಗಳಲ್ಲಿ ತಲೆಗೆ ಸೋಪು ಹಾಕಿದರೆ ಬಿಳಿ ಜಿಡ್ಡು ಕೂರುತ್ತದೆ. ಸೀಗೆಪುಡಿಯೋ ಶಾಂಪುವೋ ಹಾಕಿ, ಕೊನೆಯ ಎರಡು ಚೊಂಬು ಮಾತ್ರ ಕುಡಿಯುವ ನೀರಿನ ಘಟಕದಿಂದ ತಂದ ನೀರು ಹುಯ್ದುಕೊಂಡರೆ ಕೂದಲು ಹಗುರಾಗುತ್ತದೆ.

ಒಂದು ಮಾತು ಮುಚ್ಚಿಡಬಾರದು. ನೀರಿನಿಂದ ಬಂದ ಅಲೆ ನೀರಿನಿಂದಲೇ ಹೋಗುತ್ತದೆ. ಚಳ್ಳಕೆರೆಯ ಒಣಹವೆಯಲ್ಲಿ ದಿನವಿಡೀ ನಿಂತ ಅಲೆ ಮಲೆನಾಡಿನ ಮಳೆಗಾಲದಲ್ಲಿ ಮಧ್ಯಾಹ್ನಕ್ಕೇ ಸಡಿಲಾದೀತು. ನೆಟ್ಟಗಿನ ಕೂದಲಿನವರಿಗೆ ಮೊದಲ ಸಲವೇ ಸರಿಯಾಗಿ ಬರುವುದಿಲ್ಲ. ಮದುವೆಗೆ ಮುಂಚೆ ಎರಡು ಮೂರು ರಾತ್ರಿ ಮಾಡಿ ನೋಡಿಕೊಂಡಿರಬೇಕು.

ಮದುವೆಗೆ ಎರಡೂವರೆ ತಿಂಗಳಿತ್ತು. ನಾರಾಗಿದ್ದ ತುದಿಯನ್ನು ಅಕ್ಕನೇ ಅಳೆದು ಕತ್ತರಿಸಿದಳು. ಇಷ್ಟಾದರೂ ಜಡೆ ಸೊಂಟದ ಹತ್ತಿರವೇ ಉಳಿಯಿತು. ಹಿಂದಿನ ರಾತ್ರಿ ರೇಷ್ಮೆಯ ಸುರುಳಿ ಸುತ್ತಿಕೊಂಡವಳು ಮರುದಿನ ಸಂಜೆ ಆರತಕ್ಷತೆ ಹೊತ್ತಿಗಷ್ಟೇ ಬಿಚ್ಚಿದಳು. ಊಟದ ಪಂಕ್ತಿ ಮುಗಿಯುವವರೆಗೂ ಅಲೆ ಹಾಗೇ ಇತ್ತು. ಬೆಳಗಿನ ಮುಹೂರ್ತಕ್ಕೆ ಅದೇ ಕೂದಲನ್ನು ಎತ್ತಿ ಹೆಣೆದು, ಮೊಳಕಾಲ್ಮೂರು ಸೀರೆಯ ಮೇಲೆ ಮೊಗ್ಗಿನ ಜಡೆ. ತಾಯಿ ಮಗಳಿಬ್ಬರ ಆಸೆಯೂ ನಡೆಯಿತು.

ನೀವು ಆ ಕಡೆ ಹೋದರೆ ಮಗ್ಗದ ಮನೆಗೇ ಹೋಗಿ ಸೀರೆ ನೋಡಿ. ಎಳೆ ಸುಟ್ಟು ತೋರಿಸಿ ಎಂದು ಕೇಳಿ, ಬೇಸರ ಮಾಡಿಕೊಳ್ಳುವುದಿಲ್ಲ. ಮನೆಯಲ್ಲಿ ಹೆಣ್ಣುಮಕ್ಕಳಿದ್ದರೆ ಜೊತೆಯಲ್ಲೇ ಕರೆದುಕೊಂಡು ಹೋಗಿ. ಆ ವಾಸನೆ ಅವರ ಮೂಗಿಗೂ ಬೀಳಲಿ.